ನೀರಿನ ಗುಣ, ದೋಣಿಯ ತಳ: ದೋಣಿಮನೆಗಳ ಜಲಾನುಕೂಲತೆಯನ್ನು ಕುರಿತು

ಕನ್ನಡ ಜಾನಪದ ಅಧ್ಯಯನವು ಹಾಡು, ಕಥೆ, ಮಹಾಕಾವ್ಯ, ಆಚರಣೆಗಳ ಸಂಗ್ರಹದಲ್ಲಿಯೂ ವಿವೇಚನೆಯಲ್ಲಿಯೂ ಸಾಧಿಸಿರುವುದು ಗಣನೀಯವಾದುದು. ಅದಕ್ಕೆ ಹೋಲಿಸಿದರೆ ಭೌತಿಕ ಸಂಸ್ಕೃತಿಯ ಅಧ್ಯಯನ ಇನ್ನೂ ಬಡವಾಗಿಯೇ ಉಳಿದಿದೆ. ನೇಗಿಲು, ಗಾಣ, ಬಂಡಿ, ಬಲೆ, ದೋಣಿಗಳನ್ನು ನಾವು ವಸ್ತುಸಂಗ್ರಹಾಲಯಗಳಲ್ಲಿ ಸಾಲಾಗಿ ಇರಿಸಿದ್ದೇವೆ. ಅವುಗಳ ಹೆಸರು, ಅಳತೆ, ದೊರೆತ ಊರುಗಳನ್ನು ಚೀಟಿಯಲ್ಲಿ ಬರೆದಿದ್ದೇವೆ. ಆದರೆ ಒಂದು ದೋಣಿಯ ತಳ ಏಕೆ ಚಪ್ಪಟೆಯಾಗಿದೆ, ಇನ್ನೊಂದರದು ಏಕೆ ಚೂಪಾಗಿದೆ ಎಂದು ಕೇಳಿಕೊಂಡದ್ದು ಕಡಿಮೆ. ಅಂಬಿಗರ ಪದಗಳನ್ನು ಸಂಗ್ರಹಿಸಿದ ನಾವು ಆ ಪದ ಹಾಡಿದವನು ಕುಳಿತಿದ್ದ ಹಲಗೆಯ ಕೆಳಗೆ ಎಷ್ಟು ನೀರಿತ್ತು ಎಂದು ವಿಚಾರಿಸಲಿಲ್ಲ.

ಪ್ರಸ್ತುತ ಲೇಖನದ ವಸ್ತು ದೋಣಿಮನೆ, ಅಂದರೆ ಹೌಸ್‌ಬೋಟ್. ಅದು ಪ್ರವಾಸೋದ್ಯಮದ ಸರಕಾದುದರಿಂದ ಜಾನಪದಕ್ಕೆ ಹೊರಗಿನದೆಂದು ಕೆಲವರು ಭಾವಿಸಬಹುದು. ಆದರೆ ಕೇರಳದ ಕಾಯಲುಗಳಲ್ಲಿ ತೇಲುವ ದೋಣಿಮನೆಯಾಗಲಿ, ಶ್ರೀನಗರದ ದಾಲ್ ಸರೋವರದ ದೋಣಿಮನೆಯಾಗಲಿ ಹಳೆಯ ಜನಪದ ದೋಣಿಯೊಂದರ ಮೇಲೆ ಕಟ್ಟಿದ ಹೊಸ ಮನೆಗಳೇ ಆಗಿವೆ. ಕೆಳಗಿನ ದೋಣಿ ಒಂದು ನಿರ್ದಿಷ್ಟ ನೀರಿಗಾಗಿ ಹುಟ್ಟಿದ್ದು. ಮೇಲಿನ ಮನೆಗೆ ಆ ನೆನಪಿಲ್ಲ. 'ದೋಣಿಮನೆ' ಎಂಬ ನಮ್ಮ ಸಮಾಸದಲ್ಲಿಯೂ ಮನೆಯೇ ಪ್ರಧಾನಪದವಾಗಿದೆಯೆಂಬುದನ್ನು ಗಮನಿಸಬೇಕು. ಈ ದೋಣಿ ಯಾವ ಯಾವ ನೀರಿಗೆ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ, ಅದಕ್ಕೆ ಕಾರಣಗಳೇನು ಎಂಬುದನ್ನು ವಿವರಿಸುವುದು ಇಲ್ಲಿಯ ಉದ್ದೇಶ. ಇದು ಕೇವಲ ತಾಂತ್ರಿಕ ಕುತೂಹಲವಲ್ಲ. ನೀರು ತಪ್ಪಿದ ದೋಣಿಗಳು ಕಳೆದ ಎರಡು ದಶಕಗಳಲ್ಲಿ ಬಹಳ ಜನರ ಪ್ರಾಣ ತೆಗೆದಿವೆ.

ಮೊದಲಿಗೆ ಒಂದು ಪದದ ವಿಚಾರ. ಕೇರಳದ ಕಾಯಲು, ಉಡುಪಿಯ ಕಡೆ ಕಡಲಿಗೆ ಹತ್ತಿಕೊಂಡ ಹೊಳೆಯ ಕೊನೆಯ ಭಾಗ, ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ನಿಂತ ಶರಾವತಿ, ಈ ಮೂರನ್ನೂ ಇಂದಿನ ಕನ್ನಡ 'ಹಿನ್ನೀರು' ಎಂಬ ಒಂದೇ ಮಾತಿನಿಂದ ಕರೆಯುತ್ತದೆ. ಮೊದಲನೆಯದು ಹೊಳೆಗಳೂ ಕಡಲೂ ಕೂಡಿ ಮಾಡಿದ ಆಳವಿಲ್ಲದ ಹರವು. ಎರಡನೆಯದು ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ ಕಾಣುವ ಉಪ್ಪುನೀರು. ಮೂರನೆಯದು ಮುಳುಗಿದ ಕಣಿವೆ. ಅದರ ದಡ ಯಾವುದೆಂದು ಬೇಸಗೆಯಲ್ಲಿ ಒಂದು ಲೆಕ್ಕ, ಮಳೆಗಾಲದಲ್ಲಿ ಇನ್ನೊಂದು ಲೆಕ್ಕ. ಪ್ರವಾಸದ ಕರಪತ್ರದಲ್ಲಿ ಮೂರೂ ಒಂದೇ ಆಗುತ್ತವೆ. ನೀರಿನ ಮೇಲೆ ಬದುಕುವವರ ಮಾತಿನಲ್ಲಿ ಇವು ಒಂದಲ್ಲ. ಅವರು ಮಡು ಎಂದರೆ ಬೇರೆ, ಅಳಿವೆ ಎಂದರೆ ಬೇರೆ, ಸುಳಿ ಎಂದರೆ ಬೇರೆ.

ದೋಣಿ ಕಟ್ಟುವವರು ನೀರಿನಲ್ಲಿ ನೋಡುವುದು ಮುಖ್ಯವಾಗಿ ಅದರ ಆಳ, ಹರಿವು, ಗಾಳಿಗೆ ಅದು ಏಳುವ ರೀತಿ ಮತ್ತು ಉಪ್ಪು. ಆಳವಿಲ್ಲದಲ್ಲಿ ತಳ ಚಪ್ಪಟೆಯಾಗಬೇಕು. ಇಲ್ಲವಾದರೆ ದೋಣಿ ಕೆಸರಿಗೆ ಕೂರುತ್ತದೆ. ಅಗಲವಾದ ಚಪ್ಪಟೆ ತಳಕ್ಕೆ ಒಂದು ದೊಡ್ಡ ಗುಣವಿದೆ: ನಿಂತ ನೀರಿನಲ್ಲಿ ಅದು ಅಲುಗುವುದಿಲ್ಲ, ಒಬ್ಬ ಮನುಷ್ಯ ಅಂಚಿಗೆ ಬಂದು ನಿಂತರೂ ವಾಲುವುದು ಅಷ್ಟಕ್ಕಷ್ಟೇ. ಆದರೆ ಆ ಗುಣವೇ ಅಲೆಯಲ್ಲಿ ದೋಷವಾಗುತ್ತದೆ. ಚಪ್ಪಟೆ ತಳದ ದೋಣಿ ನೀರಿನ ಮೈಯನ್ನು ಅನುಸರಿಸುತ್ತದೆ. ಅಲೆಯ ಇಳಿಜಾರಿಗೆ ನೀರು ವಾಲಿದರೆ ತಾನೂ ವಾಲುತ್ತದೆ. ಒಂದು ಮಿತಿಯವರೆಗೆ ಅದು ಬಲವಾಗಿ ಎದುರಿಸಿ ನಿಲ್ಲುತ್ತದೆ, ಮಿತಿ ದಾಟಿದ ಮೇಲೆ ಮರಳಿ ಏಳುವುದಿಲ್ಲ. ಕಡಲಿನ ದೋಣಿ ಇದಕ್ಕೆ ವಿರುದ್ಧ. ಅದರ ತಳ ಚೂಪಾಗಿ ನೀರನ್ನು ಸೀಳುತ್ತದೆ, ಸದಾ ಓಲಾಡುತ್ತದೆ, ಅಭ್ಯಾಸವಿಲ್ಲದವರಿಗೆ ಭಯ ಹುಟ್ಟಿಸುತ್ತದೆ. ಆದರೆ ಓಲಾಡಿ ಓಲಾಡಿಯೇ ಮರಳಿ ನೆಟ್ಟಗಾಗುತ್ತದೆ. ಅಲುಗಾಡದ ದೋಣಿ ಸುರಕ್ಷಿತವೆಂಬ ಪ್ರವಾಸಿಯ ನಂಬಿಕೆ ಇದರಿಂದಾಗಿ ಅರ್ಧ ಮಾತ್ರ ಸತ್ಯ.

ನೀರಿನ ಜೊತೆಗೆ ಮಾಡಬೇಕಾದ ಕೆಲಸವೂ ದೋಣಿಯ ರೂಪವನ್ನು ನಿರ್ಣಯಿಸುತ್ತದೆ. ಆಲಪ್ಪುಳದ ಒಂದೇ ನೀರಿನಲ್ಲಿ ನೂರಕ್ಕೂ ಹೆಚ್ಚು ಜನ ಹುಟ್ಟು ಹಾಕುವ, ಹಾವಿನಂತೆ ಉದ್ದವೂ ಕಿರಿದೂ ಆದ ಚುಂಡನ್ ವಳ್ಳವೂ ಇದೆ, ಅಗಲವಾದ ಸರಕಿನ ದೋಣಿಯೂ ಇದೆ.

ಕನ್ನಡನಾಡಿನ ಒಳನಾಡಿನ ನದಿಗಳಲ್ಲಿ ದೋಣಿಮನೆ ಏಕೆ ಹುಟ್ಟಲಿಲ್ಲ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ತುಂಗಭದ್ರೆ, ಕೃಷ್ಣೆ, ಕಾವೇರಿಗಳು ಬಂಡೆಗಲ್ಲಿನ ನದಿಗಳು. ಮಳೆಗಾಲದಲ್ಲಿ ರಭಸ, ಬೇಸಗೆಯಲ್ಲಿ ಮೊಣಕಾಲುದ್ದ ನೀರು. ಇಂಥಲ್ಲಿ ಜನ ಕಟ್ಟಿದ್ದು ಹರಿಗೋಲನ್ನು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆ ಹೊಳೆ ದಾಟಿಸುವ ಬುಟ್ಟಿಯಂಥ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು ದೊಡ್ಡವು. ನೆಟ್ಟಗೆ ಸಾಗಲಾರದೆ ಸದಾ ಸುತ್ತುತ್ತಲೇ ಹೋಗುವಂಥವು ಎಂಬ ಅವನ ವಿವರಣೆ ಇಂದಿನ ಹಂಪಿಯ ಹರಿಗೋಲಿಗೂ ಬಹುಮಟ್ಟಿಗೆ ಹೊಂದುತ್ತದೆ. ತೊಗಲಿನ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಅಷ್ಟೆ. ಆ ಸುತ್ತುವಿಕೆಯನ್ನು ಪಾಯೆಸ್ ಕೊರತೆಯೆಂಬಂತೆ ಕಂಡ ಹಾಗಿದೆ. ಬಂಡೆಗಳ ನಡುವಿನ ಸೆಳವಿನಲ್ಲಿ ಮುಂದು ಹಿಂದು ಎಂಬುದಿಲ್ಲದ ದೋಣಿಯೇ ಅನುಕೂಲ. ಅದು ಕಲ್ಲಿಗೆ ತಾಗಿದರೆ ಒಡೆಯದೆ ಬಾಗಿ ಜಾರುತ್ತದೆ. ಕೆಳಕ್ಕೆ ತೇಲಿಹೋದರೆ ತಲೆಯ ಮೇಲೆ ಹೊತ್ತು ಮರಳಿ ತರಬಹುದು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯನಂಥವನು ಇದ್ದಾನೆಂಬುದು ಈ ವೃತ್ತಿಗೆ ಇದ್ದ ನೆಲೆಯನ್ನು ಸೂಚಿಸುತ್ತದೆ. ಅದು ದಾಟಿಸುವ ವೃತ್ತಿ. ನೀರಿನ ಮೇಲೆ ವಾಸಿಸುವ ವೃತ್ತಿಯಲ್ಲ.

ಹಾಗೆಂದು ಕನ್ನಡಿಗರು ನೀರಿನ ಮೇಲೆ ಮನೆ ಕಟ್ಟಲೇ ಇಲ್ಲವೆನ್ನುವಂತಿಲ್ಲ. ತೆಪ್ಪೋತ್ಸವದಲ್ಲಿ ತೆಪ್ಪದ ಮೇಲೆ ಮಂಟಪವನ್ನೇ ನಿಲ್ಲಿಸುತ್ತೇವೆ; ದೀಪ, ತೋರಣ, ವಾದ್ಯಗಳೊಡನೆ ದೇವರನ್ನು ಅದರಲ್ಲಿ ಕೂರಿಸುತ್ತೇವೆ. ಆದರೆ ಅದು ಒಂದು ಸಂಜೆಯ ಮನೆ. ಬಹುಮಟ್ಟಿಗೆ ಅದು ತೇಲುವುದು ನಾಲ್ಕೂ ಕಡೆ ಮೆಟ್ಟಿಲು ಕಟ್ಟಿದ, ಗಾಳಿ ಹೊಕ್ಕರೂ ಅಲೆ ಏಳದ ಪುಷ್ಕರಿಣಿಯಲ್ಲಿ. ನೀರಿನ ಮೇಲೆ ಎತ್ತರ ಕಟ್ಟಬೇಕಾದರೆ ನೀರು ಎಂಥದಿರಬೇಕು ಎಂಬ ತಿಳಿವಳಿಕೆ ಈ ಆಚರಣೆಯಲ್ಲಿ ಕಾಣುತ್ತದೆ.

ಇನ್ನು ಕೇರಳದ ಕೆಟ್ಟುವಳ್ಳಂ. ಮಲಯಾಳದ 'ಕೆಟ್ಟು' ನಮ್ಮ 'ಕಟ್ಟು' ಪದವೇ; 'ವಳ್ಳಂ' ಎಂದರೆ ದೋಣಿ. ಕಟ್ಟಿದ ದೋಣಿಯೆಂಬ ಅರ್ಥಕ್ಕೆ ತಕ್ಕಂತೆ ಆಂಜಿಲಿ ಮರದ, ಅಂದರೆ ನಮ್ಮ ಹೆಬ್ಬಲಸಿನ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುವುದು ಇದರ ಕ್ರಮ. ಸಂಪ್ರದಾಯದ ಕೆಲಸದಲ್ಲಿ ಕಬ್ಬಿಣದ ಮೊಳೆ ಇಲ್ಲ. ಹೊಲಿಗೆಯ ಸಂದುಗಳಲ್ಲಿ ನಾರು ತುಂಬಿ, ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆಗಳನ್ನು ಬಳಿಯುತ್ತಿದ್ದರು. ನಮ್ಮ ಕರಾವಳಿಯ ರಂಪಣಿ ದೋಣಿಯೂ ಹೀಗೆ ಹೊಲಿದ ದೋಣಿಯೇ. ಮೊಳೆ ಹೊಡೆದ ದೋಣಿ ಮರಳಿಗೆ ಬಡಿದರೆ ಹಲಗೆ ಸೀಳುತ್ತದೆ. ಹೊಲಿದ ದೋಣಿ ಮೈ ಸಡಿಲಿಸಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತೆಂಗಿನ ನಾರು ತಾಳುತ್ತದೆ. ಹುರಿ ಸವೆದರೆ ಬಿಚ್ಚಿ ಮತ್ತೆ ಹೊಲಿಯಲು ಊರಿನಲ್ಲಿ ಸಿಗುವ ವಸ್ತುವೇ ಸಾಕು.

ಈ ದೋಣಿ ಯಾವ ನೀರಿಗಾಗಿ ಹುಟ್ಟಿತೆಂಬುದನ್ನು ನೋಡಬೇಕು. ವೆಂಬನಾಡು ಕಾಯಲಿನ ದಕ್ಷಿಣಕ್ಕಿರುವ ಕುಟ್ಟನಾಡು ಕಡಲಿನ ಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ನಾಡು. ಅಲ್ಲಿ ದಾರಿಯೆಂದರೆ ತೋಡು, ಅಂದರೆ ಕಾಲುವೆ. ಅಲ್ಲಿಯ ಅಕ್ಕಿಯನ್ನೂ ತೆಂಗಿನ ಸರಕನ್ನೂ ಕೊಚ್ಚಿಯ ಪೇಟೆಗೆ ಮುಟ್ಟಿಸುವುದು ಕೆಟ್ಟುವಳ್ಳದ ಕೆಲಸವಾಗಿತ್ತು. 60ರಿಂದ 100 ಅಡಿ ಉದ್ದ, ದೊಡ್ಡವಾದರೆ 30 ಟನ್ನಿನಷ್ಟು ಹೊರೆ; ಮುನ್ನಡೆಸಲು ಬಿದಿರಿನ ಗಳ, ಗಾಳಿ ಅನುಕೂಲವಾದಾಗ ಹಾಯಿ. ನೀರಿನ ಆಳ ಗಳಕ್ಕೆ ನಿಲುಕುವಷ್ಟೇ. ದೋಣಿಯಾಳುಗಳು ಅದರಲ್ಲಿಯೇ ಅಡುಗೆ ಮಾಡಿ, ಓಲೆ ಬಿದಿರುಗಳ ಬಾಗು ಮಾಡಿನ ಕೆಳಗೆ ಮಲಗುತ್ತಿದ್ದರು. ಆ ಅರ್ಥದಲ್ಲಿ ಅದು ಮೊದಲಿನಿಂದಲೂ ಮನೆಯೇ. ಆದರೆ ತಗ್ಗಾದ ಮನೆ.

ರಸ್ತೆಗಳೂ ಲಾರಿಗಳೂ ಬಂದ ಮೇಲೆ ಈ ದೋಣಿಗಳು ಕೆಲಸ ಕಳೆದುಕೊಂಡವು. 1990ರ ದಶಕದ ಆರಂಭದಲ್ಲಿ ಅವುಗಳ ಮೇಲೆ ಕೋಣೆಗಳನ್ನು ಕಟ್ಟಿ ಪ್ರವಾಸಿಗಳನ್ನು ಕೂರಿಸುವ ಕ್ರಮ ಮೊದಲಾಯಿತು. ಅದಿಲ್ಲದಿದ್ದರೆ ಹೊಲಿಗೆಯ ವಿದ್ಯೆ ಕಣ್ಮರೆಯಾಗುತ್ತಿತ್ತೆಂಬ ಮಾತನ್ನು ಅಲ್ಲಗಳೆಯಲಾಗದು. ಆದರೆ ಈ ಮಾರ್ಪಾಟಿನಲ್ಲಿ ಒಂದು ಮೂಲಭೂತ ವ್ಯತ್ಯಾಸ ನಡೆಯಿತು. ಅದನ್ನು ಅಷ್ಟಾಗಿ ಯಾರೂ ಚರ್ಚಿಸಿಲ್ಲವೆಂದು ನನ್ನ ಭಾವನೆ.

ಅಕ್ಕಿಯ ಮೂಟೆ ದೋಣಿಯ ತಳದಲ್ಲಿ ಕೂರುತ್ತದೆ, ಕೂತಲ್ಲಿಂದ ಏಳುವುದಿಲ್ಲ. ಮೂಟೆ ಹೆಚ್ಚಿದಷ್ಟೂ ದೋಣಿ ನೀರಿಗೆ ಇಳಿದು ಗಟ್ಟಿಯಾಗಿ ನಿಲ್ಲುತ್ತದೆ. ಗಾಳಿಗೆ ಸಿಗುವ ಮೈ ಕಡಿಮೆಯಾಗುತ್ತದೆ. ಪ್ರವಾಸಿ ಹಾಗಲ್ಲ. ಅವನು ಅಂಚಿನ ಮೇಲಿನ ಹಲಗೆಯಲ್ಲಿ ಕೂರುತ್ತಾನೆ, ಎರಡಂತಸ್ತಾದರೆ ಮಾಡಿನ ಮೇಲೆ ಕೂರುತ್ತಾನೆ, ದಡದಲ್ಲಿ ಏನಾದರೂ ಕಂಡರೆ ಎಲ್ಲರೊಡನೆ ಆ ಬದಿಗೆ ಓಡುತ್ತಾನೆ. ಹಾಸಿಗೆ, ಶೌಚದ ಕೋಣೆ, ನೀರಿನ ತೊಟ್ಟಿ, ಹವಾನಿಯಂತ್ರಕ, ಅದಕ್ಕೆ ಬೇಕಾದ ಜನರೇಟರ್, ಇವುಗಳಲ್ಲಿ ಹೆಚ್ಚಿನವು ಮೂಟೆಯಿದ್ದ ಜಾಗಕ್ಕಿಂತ ಎತ್ತರದಲ್ಲಿರುತ್ತವೆ. ಹೀಗೆ ಭಾರ ಮೇಲಕ್ಕೇರಿತು, ಗಾಳಿಗೆ ಒಡ್ಡಿದ ಗೋಡೆ ಬೆಳೆಯಿತು. ಗಳದ ಬದಲು ಎಂಜಿನ್ ಬಂದುದರಿಂದ ದೋಣಿ ತನ್ನ ಹಳೆಯ ದಾರಿಯನ್ನು ಬಿಟ್ಟು ಆಳದ ನೀರಿಗೂ ಹೋಗಬಲ್ಲದಾಯಿತು. ಗಳ ನಿಲುಕದಲ್ಲಿ ಹೋಗಬಾರದೆಂಬ ಹಳೆಯ ಕಟ್ಟು ತಾನಾಗಿ ಕಳಚಿತು.

ಕಾಲುವೆಗಳಲ್ಲಿ, ಗದ್ದೆಗಳ ಬದುವಿನ ಮಗ್ಗುಲಲ್ಲಿ ಇದರಿಂದ ತೊಂದರೆಯಿಲ್ಲ. ಎರಡೂ ಕಡೆ ತೆಂಗಿನ ಸಾಲು ಗಾಳಿಯನ್ನು ತಡೆಯುತ್ತದೆ; ನೀರು ಎದೆಮಟ್ಟ; ದಡ ಕೈಗೆಟಕುವಷ್ಟು ಹತ್ತಿರ. ದೋಣಿಮನೆಗೆ ಇದಕ್ಕಿಂತ ಒಳ್ಳೆಯ ನೀರು ಬೇರೆಯಿಲ್ಲ. ನಡುಕಾಯಲಿನ ಮಾತು ಬೇರೆ. ವೆಂಬನಾಡು ಸುಮಾರು 96 ಕಿ.ಮೀ. ಉದ್ದದ, ಕೆಲವೆಡೆ 14 ಕಿ.ಮೀ.ವರೆಗೂ ಅಗಲವಾದ ಹರವು. ಆಳವಿಲ್ಲದ, ಅಗಲವಾದ ನೀರಿನ ಮೇಲೆ ಗಾಳಿ ಬೀಸಿದರೆ ಅಲೆಗಳು ಉದ್ದವಾಗದೆ ಗಿಡ್ಡವಾಗಿ, ಒತ್ತೊತ್ತಾಗಿ ಏಳುತ್ತವೆ. ಉದ್ದನೆಯ ಚಪ್ಪಟೆ ದೋಣಿ ಅವುಗಳಿಗೆ ಮಗ್ಗುಲು ಕೊಟ್ಟರೆ ಕಷ್ಟ. ಎದುರಾದರೆ ತಳಕ್ಕೆ ಪೆಟ್ಟು. ಅನುಭವಿ ದೋಣಿಯಾಳುಗಳು ಮಧ್ಯಾಹ್ನದ ಗಾಳಿ ಏಳುವ ಮುನ್ನವೇ ಕಾಯಲು ದಾಟಿ ಕಾಲುವೆಯ ಬಾಯಿ ಸೇರಿಕೊಳ್ಳುತ್ತಾರೆ. ಸಂಜೆ ಐದೂವರೆಯ ಹೊತ್ತಿಗೆ ದೋಣಿಮನೆಗಳನ್ನು ದಡಕ್ಕೆ ಕಟ್ಟುವ ಪದ್ಧತಿಗೆ ಇನ್ನೊಂದು ಕಾರಣವಿದೆ. ರಾತ್ರಿಯ ನೀರು ಬಲೆ ಬೀಸುವವರದು.

ಉಪ್ಪಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಉಪ್ಪುನೀರಿನಲ್ಲಿ ಮರವನ್ನು ಒಳಗಿನಿಂದ ಕೊರೆಯುವ ಹುಳುಗಳಿವೆ; ಸಿಹಿನೀರು ಅವುಗಳಿಗೆ ಒಗ್ಗದು. ದೋಣಿಯನ್ನು ಆಗಾಗ ಮೇಲಕ್ಕೆಳೆದು, ಒಣಗಿಸಿ, ಎಣ್ಣೆ ಬಳಿಯುವ ಸಂಪ್ರದಾಯಕ್ಕೆ ಇದೂ ಒಂದು ಕಾರಣ. 1970ರ ದಶಕದ ಮಧ್ಯಭಾಗದಲ್ಲಿ ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡು ಬೇಸಗೆಯಲ್ಲಿ ಉಪ್ಪುನೀರು ದಕ್ಷಿಣಕ್ಕೆ ನುಗ್ಗದಂತೆ ತಡೆಯುತ್ತದೆ. ಭತ್ತಕ್ಕೆ ಅದು ಬೇಕಾಗಿತ್ತು. ಆದರೆ ಉಪ್ಪು ತಾಗದ ನೀರಿನಲ್ಲಿ ಜಲಕಳೆ ಹಬ್ಬಿ ಕಾಲುವೆಗಳನ್ನು ಮುಚ್ಚುತ್ತದೆ. ದೋಣಿಗಳ ಎಂಜಿನ್ನಿನ ರೆಕ್ಕೆಗಳಿಗೆ ಸುತ್ತಿಕೊಳ್ಳುತ್ತದೆ. ಒಂದೇ ಕಾಯಲಿನಲ್ಲಿ ಒಡ್ಡಿನ ಈಚೆ ಒಂದು ನೀರು, ಆಚೆ ಇನ್ನೊಂದು ನೀರು.

ಕಾಶ್ಮೀರದ ದೋಣಿಮನೆಯ ಕಥೆ ಬೇರೆ. ಡೋಗ್ರಾ ಅರಸರ ಕಾಲದಲ್ಲಿ ಯುರೋಪಿಯನ್ನರಿಗೆ ಅಲ್ಲಿ ಭೂಮಿ ಕೊಳ್ಳುವ ಅವಕಾಶವಿರಲಿಲ್ಲವಾಗಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವರು ನೀರಿನ ಮೇಲೆ ಬಿಡಾರ ಹೂಡಿದರೆಂಬುದು ಪ್ರಚಲಿತ ವಿವರಣೆ. ಅದಕ್ಕೆ ಮೊದಲೇ ಅಲ್ಲಿಯ ಹಾಂಜಿ ಜನ ಡೂಂಗಾ ಎಂಬ, ಚಾಪೆಯ ಮಾಡಿನ ದೋಣಿಯಲ್ಲಿ ಸಂಸಾರ ಹೂಡಿ ಝೇಲಮ್ ನದಿಯುದ್ದಕ್ಕೂ ಸಂಚರಿಸುತ್ತಿದ್ದರು. ಡೂಂಗಾ ಸಂಚಾರದ ದೋಣಿ. ಅದರ ಮೇಲೆ ದೇವದಾರುವಿನ ಕೆತ್ತನೆಯ ಕೋಣೆಗಳು ಬೆಳೆದಂತೆ ಅದು ಸಂಚಾರವನ್ನು ಬಿಟ್ಟಿತು. ಇಂದಿನ ದಾಲ್, ನಗೀನ್ ಸರೋವರಗಳ ದೋಣಿಮನೆಗಳು ದಡಕ್ಕೆ ಕಟ್ಟಿದಲ್ಲಿಯೇ ನಿಲ್ಲುತ್ತವೆ. ಬೇಕಾದಲ್ಲಿಗೆ ಹೋಗಲು ಶಿಕಾರಾ ಇದೆ. ಇದನ್ನು ಕೊರತೆಯೆನ್ನುವುದಕ್ಕಿಂತ ವಿವೇಕವೆನ್ನಬೇಕು. ಮನೆ ದೊಡ್ಡದಾದರೆ ದೋಣಿ ನಿಲ್ಲಬೇಕೆಂಬುದನ್ನು ಅಲ್ಲಿಯ ಜನ ಒಪ್ಪಿಕೊಂಡರು. ಸಿಹಿನೀರಾದ್ದರಿಂದ ಕೊರೆಹುಳುವಿನ ಕಾಟವಿಲ್ಲ. ದೇವದಾರು ನೀರಿನಲ್ಲಿದ್ದಷ್ಟು ಕಾಲ ಬಾಳುತ್ತದೆ. ನದಿಯಲ್ಲಿ ಕಟ್ಟಿದವುಗಳಿಗೆ ಮಾತ್ರ ನೀರು ತೀರ ಇಳಿದಾಗ ತಳ ಕೆಸರಿಗೆ ಕೂತು ಒಣಗಿದ ಹಲಗೆ ಬಿರಿಯುವ ಭಯ.

ಹರಿವಿನ ನೀರಿಗೆ ದೋಣಿಮನೆ ಒಗ್ಗದೆಂಬುದಕ್ಕೆ 2018ರ ಆಗಸ್ಟ್ ತಿಂಗಳ ಕೇರಳದ ಮಹಾಪ್ರವಾಹ ದೊಡ್ಡ ನಿದರ್ಶನ. ಕುಟ್ಟನಾಡಿನಲ್ಲಿ ನೀರು ಏರಿತು, ಆದರೆ ಹೆಚ್ಚಿನೆಡೆ ಹರವಾಗಿ ನಿಂತಿತು. ಅಲ್ಲಿಯ ಜನರನ್ನು ಆಲಪ್ಪುಳಕ್ಕೆ ಸಾಗಿಸಲು ದೋಣಿಮನೆಗಳೂ ಬಳಕೆಯಾದವು. ಮೇಲಿನ ಚೆಂಗನ್ನೂರು, ಆರನ್ಮುಳದ ಕಡೆ ಪಂಪಾ ನದಿ ಊರುಗಳ ನಡುವೆಯೇ ರಭಸದಿಂದ ಹರಿಯಿತು. ಅಲ್ಲಿಗೆ ಬಂದವರು ಕಡಲಿನ ಮೀನುಗಾರರು. ತಮ್ಮ ದೋಣಿಗಳನ್ನು ಲಾರಿಗಳಲ್ಲಿ ಏರಿಸಿಕೊಂಡು ಬಂದು ಬೀದಿಗಳ ಸೆಳವಿಗೆ ಇಳಿಸಿದರು. ಹದಿನೈದು ಇಪ್ಪತ್ತು ಮೈಲಿಗಳ ಅಂತರದಲ್ಲಿ, ಒಂದೇ ನೆರೆಯ ನೀರಿಗೆ, ಎರಡು ಜಾತಿಯ ದೋಣಿಗಳು ಬೇಕಾದವು.

ಈಗ ನಮ್ಮ ಕರಾವಳಿಗೆ ಬರೋಣ. ಪಶ್ಚಿಮಘಟ್ಟದಿಂದ ಇಳಿಯುವ ಕಾಳಿ, ಶರಾವತಿ, ಸ್ವರ್ಣಾ, ನೇತ್ರಾವತಿಗಳು ಚಿಕ್ಕ ನದಿಗಳು. ಅವುಗಳ ಕೊನೆಯ ಕೆಲವು ಮೈಲಿಗಳು ಮಾತ್ರ ಸಮತಟ್ಟು. ನಡುವೆ ಕುದುರುಗಳು, ದಡದಲ್ಲಿ ತೆಂಗು, ಕಾಂಡ್ಲಾ ಗಿಡಗಳು. ಉಡುಪಿ ಜಿಲ್ಲೆಯ ಕೆಮ್ಮಣ್ಣು, ಕೋಡಿಬೆಂಗ್ರೆಯ ಭಾಗದಲ್ಲಿ ಸ್ವರ್ಣಾ ನದಿಗೆ ದೋಣಿಮನೆಗಳು ಬಂದದ್ದು ಈಚೆಗೆ. ಕನ್ನಡ ಮಾತಾಡುವವರು ಗಣನೀಯವಾಗಿರುವ ಕಾಸರಗೋಡು ಜಿಲ್ಲೆಯ ನೀಲೇಶ್ವರ, ವಲಿಯಪರಂಬದ ಕಾಯಲುಗಳಿಗೆ ಅವು ಇನ್ನೂ ಮೊದಲೇ ಬಂದಿದ್ದವು. ಮೇಲ್ನೋಟಕ್ಕೆ ಇದು ಕುಟ್ಟನಾಡಿನಂತೆಯೇ ಕಾಣುತ್ತದೆ. ಆದರೆ ಕುಟ್ಟನಾಡಿನ ಕಾಲುವೆಗಳಿಂದ ಕಡಲಿನ ಬಾಗಿಲು ದೂರ. ಸ್ವರ್ಣೆಯಲ್ಲಿ ಅದು ಕಣ್ಣಿಗೆ ಕಾಣುವಷ್ಟು ಹತ್ತಿರ. ಕೋಡಿಬೆಂಗ್ರೆಯ ನೆಲದ ಬಾಲದಾಚೆ ಸೀತಾ, ಸ್ವರ್ಣಾ ಎರಡೂ ಕೂಡಿ ಅಳಿವೆಯಲ್ಲಿ ಕಡಲು ಸೇರುತ್ತವೆ.

ಮಲಯಾಳದ 'ಅಳಿ', ಕನ್ನಡದ 'ಅಳಿವೆ' ಒಂದೇ ಮೂಲದ ಮಾತುಗಳಂತೆ ತೋರುತ್ತವೆ. ಅಳಿವೆಯೆಂದರೆ ಹೊಳೆ ತಂದ ಮರಳೂ ಕಡಲು ತಂದ ಮರಳೂ ದಿಬ್ಬಗಟ್ಟುವ ಸ್ಥಳ. ದಿಬ್ಬ ಇದ್ದಲ್ಲಿ ಇರುವುದಿಲ್ಲ. ಒಂದು ಮಳೆಗಾಲದ ದಾರಿ ಮುಂದಿನ ಮಳೆಗಾಲಕ್ಕೆ ಉಳಿಯುವುದಿಲ್ಲ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಕಡಲಿನ ಅಲೆ ಬಂದರೆ, ಆಳವಿಲ್ಲದ ದಿಬ್ಬದ ಮೇಲೆ ಅದು ಗೋಡೆಯಂತೆ ನೆಟ್ಟಗೆ ಏಳುತ್ತದೆ. ಭರತದಲ್ಲಿ ಅದೇ ಅಳಿವೆ ಸೌಮ್ಯವಾಗಿರಬಹುದು. ಹಾಗಾಗಿ 'ಈ ನೀರು ಒಳ್ಳೆಯದೇ' ಎಂಬ ಪ್ರಶ್ನೆಗೆ ಅಲ್ಲಿಯವರು ಉತ್ತರಿಸುವುದಿಲ್ಲ. 'ಯಾವ ಹೊತ್ತಿಗೆ' ಎಂದು ಮರುಪ್ರಶ್ನೆ ಹಾಕುತ್ತಾರೆ.

ನನ್ನದೇ ಒಂದು ಪ್ರಮಾದವನ್ನು ಇಲ್ಲಿ ದಾಖಲಿಸಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ವಿಚಾರಸಂಕಿರಣ ಮುಗಿದ ಮೇಲೆ ನಾವು ಹತ್ತಾರು ಜನ ದೋಣಿಮನೆಯೊಂದರಲ್ಲಿ ಹೊರಟೆವು. ಸೂರ್ಯಾಸ್ತವನ್ನು ಅಳಿವೆಯ ಬಾಯಿಂದ ನೋಡಬೇಕೆಂಬ ಆಸೆ ನಮ್ಮದು. ಚುಕ್ಕಾಣಿ ಹಿಡಿದಿದ್ದವರು ಸುಮಾರು ಅರವತ್ತು ವಯಸ್ಸಿನ, ಹಿಂದೆ ಕಡವಿನ ದೋಣಿ ನಡೆಸಿದ್ದ ಹಿರಿಯರು. "ಈಗ ಇಳಿತ ಉಂಟು, ಅಲ್ಲಿಗೆ ಬೇಡ" ಎಂದಷ್ಟೇ ಹೇಳಿದರು. ನಮ್ಮಲ್ಲೊಬ್ಬರು ದೋಣಿಯ ಒಡೆಯರಿಗೆ ದೂರವಾಣಿ ಮಾಡಿದರು. ಜನಪದರ ತಿಳಿವಳಿಕೆಯನ್ನು ಕುರಿತು ಅಂದು ಬೆಳಿಗ್ಗೆಯಷ್ಟೇ ಪ್ರಬಂಧ ಓದಿದ್ದ ನಾನು ತಡೆಯಲಿಲ್ಲ. ಒಡೆಯರ ಮಾತಿಗೆ ಆ ಹಿರಿಯರು ಮರುಮಾತಾಡದೆ ದೋಣಿಯನ್ನು ಮುಂದೆ ಬಿಟ್ಟರು. ಅಳಿವೆ ಇನ್ನೂ ದೂರವಿರುವಾಗಲೇ ಒಳಗಿನ ತಟ್ಟೆ ಲೋಟಗಳು ಉರುಳಿದವು, ಮಾಡು ಕಿರುಗುಟ್ಟಿತು. ಎಲ್ಲರೂ ಎದ್ದು ಒಂದೇ ಬದಿಯ ಕಂಬಗಳನ್ನು ಹಿಡಿದುಕೊಂಡೆವು. ಅದೇ ದೊಡ್ಡ ತಪ್ಪಾಗಿತ್ತು. "ಕೂತುಕೊಳ್ಳಿ, ನಡುವೆ ಕೂತುಕೊಳ್ಳಿ" ಎಂದು ಅವರು ಕೂಗಿದರು. ಕೂಡಲೇ ತಿರುಗಿಸದೆ, ಎರಡು ಅಲೆಗಳ ನಡುವಿನ ಬಿಡುವು ಕಾದು, ಮಗ್ಗುಲು ಕೊಡದಂತೆ ದೋಣಿಯನ್ನು ಹಿಂದಕ್ಕೆ ತಂದರು. ದಡಕ್ಕೆ ಬಂದ ಮೇಲೆ ಅವರು ನಮ್ಮನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಉರುಳಿದ ತಟ್ಟೆಗಳನ್ನು ಎತ್ತಿ ಜೋಡಿಸುತ್ತಿದ್ದರು.

ನಾವು ಬದುಕಿ ಬಂದೆವು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಗೆ ಹೋದವರ ದೋಣಿಯೊಂದು ಕಡಲಿನಲ್ಲಿ ಮಗುಚಿ ಹಲವರು ಮರಳಲಿಲ್ಲ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, ಹೊಳೆ ಕಡಲಿಗೆ ಸೇರುವ ಭಾಗದಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮೇಲಂತಸ್ತು ಕಟ್ಟಿದ್ದ ದೋಣಿಯಾಗಿತ್ತು. ಮಿತಿಗಿಂತ ಹೆಚ್ಚು ಜನರನ್ನೂ ಹತ್ತಿಸಿಕೊಂಡಿತ್ತು. ಮೀನಿನ ರಾಶಿಯೂ ಅಕ್ಕಿಯ ಮೂಟೆಯಂತೆಯೇ ತಳದಲ್ಲಿರುವ ಭಾರವೆಂಬುದನ್ನು ಇಲ್ಲಿ ನೆನೆಯಬೇಕು.

ಅಣೆಕಟ್ಟಿನ ಹಿನ್ನೀರಿನ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಅದಕ್ಕೆ ಜನಪದರ ಹಳೆಯ ಅನುಭವವೇ ಇಲ್ಲ. ಅಂಥ ನೀರು ಹೊಸದು. ಮುಳುಗಿದ ಕಾಡಿನ ಬೊಡ್ಡೆಗಳು ನೀರು ಇಳಿದಾಗ ತಲೆಯೆತ್ತುತ್ತವೆ; ಶರಾವತಿಯ ಹಿನ್ನೀರಿನಲ್ಲಿಯೂ, 1895ರ ಮುಲ್ಲಪೆರಿಯಾರ್ ಅಣೆಕಟ್ಟಿನಿಂದಾದ ತೇಕ್ಕಡಿಯ ಸರೋವರದಲ್ಲಿಯೂ ಇದನ್ನು ಕಾಣಬಹುದು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಸಿಗಂದೂರಿನ ದಾರಿಯಲ್ಲಿ ಬಸ್ಸುಗಳನ್ನೇ ಹೊತ್ತು ದಾಟಿಸುತ್ತಿದ್ದ ಲಾಂಚ್ ಚಪ್ಪಟೆಯಾಗಿಯೂ ತಗ್ಗಾಗಿಯೂ ಇದ್ದುದು ಗಮನಾರ್ಹ. ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಮಗುಚಿದ್ದು ಎರಡಂತಸ್ತಿನ ದೋಣಿ. ದಡದ ಪ್ರಾಣಿಗಳನ್ನು ನೋಡಲು ಜನ ಒಂದು ಬದಿಗೆ ಸರಿದರೆಂಬುದು ಅಂದಿನ ವರದಿಗಳಲ್ಲಿ ಬಂದ ಒಂದು ಕಾರಣ. 45 ಮಂದಿ ಸತ್ತರು. ನೀರು ಅಂದು ಶಾಂತವಾಗಿಯೇ ಇತ್ತು.

1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಅಧಿನಿಯಮವು ಜಲಪ್ರದೇಶಗಳನ್ನು ಅಲ್ಲಿ ಏಳುವ ಅಲೆಯ ಎತ್ತರವನ್ನು ಅನುಸರಿಸಿ ವಲಯಗಳಾಗಿ ವಿಂಗಡಿಸಲು ಅವಕಾಶ ಕೊಡುತ್ತದೆ. ಇದು ಸ್ವಾಗತಾರ್ಹ. ಆದರೆ ವಲಯವೆಂಬುದು ನಕ್ಷೆಯ ಮೇಲಿನ ಗೆರೆ. ಅಳಿವೆ ದಿನಕ್ಕೆ ನಾಲ್ಕು ಬಾರಿ ಬದಲಾಗುತ್ತದೆ. ಆ ಬದಲಾವಣೆಯನ್ನು ಬಲ್ಲವರು ಚುಕ್ಕಾಣಿಯ ಬಳಿ ಕೂತಿದ್ದಾರೆ. 'ಬೇಡ' ಎನ್ನುವ ಅಧಿಕಾರ ಮಾತ್ರ ಅವರ ಕೈಯಲ್ಲಿಲ್ಲ. ಕಡವುಗಳಿಗೆ ಸೇತುವೆ ಬಂದ ಮೇಲೆ ಅಂಬಿಗರಲ್ಲಿ ಅನೇಕರು ದೋಣಿಮನೆಗಳಲ್ಲಿ ದಿನಗೂಲಿಗೆ ಸೇರಿದ್ದಾರೆ. ಕಡವಿನಲ್ಲಿ ಅವರ ಮಾತಿಗೆ ಊರು ಕಾಯುತ್ತಿತ್ತು. ಹೊಳೆ ತುಂಬಿದೆ, ಇಂದು ದೋಣಿ ಬಿಡುವುದಿಲ್ಲ ಎಂದರೆ ಮದುವೆಯ ದಿಬ್ಬಣವೂ ದಡದಲ್ಲಿ ನಿಲ್ಲುತ್ತಿತ್ತು.

ಆ ಹಿರಿಯರನ್ನು ಮುಂದಿನ ವರ್ಷ ಕ್ಷೇತ್ರಕಾರ್ಯಕ್ಕಾಗಿ ಮತ್ತೆ ಹುಡುಕಿಕೊಂಡು ಹೋದೆ. ಹಳೆಯದನ್ನು ಅವರು ಎತ್ತಲಿಲ್ಲ. ನಾನು ಕ್ಷಮೆ ಕೇಳಿದಾಗ ನಕ್ಕು ಬೇರೆ ಮಾತಿಗೆ ತಿರುಗಿದರು. ಎಂಜಿನ್ ಇದ್ದ ಅವರ ದೋಣಿಮನೆಯ ಮಾಡಿನ ಅಂಚಿಗೆ ಒಂದು ಬಿದಿರಿನ ಗಳವನ್ನು ಕಟ್ಟಿದ್ದರು. ಎಂಜಿನ್ ಇರುವಾಗ ಇದೇಕೆ ಎಂದು ಕೇಳಿದೆ. ಬಿಚ್ಚಿ ನನ್ನ ಕೈಗೆ ಕೊಟ್ಟು, ನೀರಿಗೆ ಊರಲು ಹೇಳಿದರು. ಒಂದೆಡೆ ಗಳ ಮೆತ್ತಗೆ ಇಳಿಯಿತು. ಹತ್ತು ಮಾರು ಮುಂದೆ ಹೋದ ಮೇಲೆ ಅದೇ ಗಳ ತುದಿಯಲ್ಲಿ ಕರಕರ ಎಂದಿತು. ಮೊದಲನೆಯದು ಹೊಳೆಯ ಕೆಸರು, ಎರಡನೆಯದು ಕಡಲಿನ ಮರಳು ಎಂದು ವಿವರಿಸಿದರು. ಹೋದ ಮಳೆಗಾಲಕ್ಕೆ ಮೊದಲು ಈ ಮರಳು ಇನ್ನೂ ಕೆಳಗೆ, ಕುದುರಿನ ಆಚೆ ಇತ್ತಂತೆ. ದೋಣಿಯನ್ನು ಅವರು ಅಲ್ಲಿಂದಲೇ ತಿರುಗಿಸಿದರು.